ಬೆಟ್ಟದ ಓಟದಲ್ಲಿ ತಲೆ ಎಣಿಸುವ ಕೆಲಸ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆಯಾ? ಸರಿ.

ನಾಳೆ ಬೆಳಗ್ಗೆ ಓಡುವವರು ನೀವು, ಬೇಗ ಮಲಗಬೇಕು. ನನಗೆ ಕೊಟ್ಟಿರುವುದು ಅರ್ಧ ಗಂಟೆ. ದಾರಿ, ಏರು, ಚಳಿ, ಇಳಿಜಾರು, ನೀರು ಅಂತ ಐದು ವಿಷಯ ಬರೆದುಕೊಂಡು ಬಂದಿದ್ದೇನೆ. ಆದರೆ ಇಲ್ಲಿ ಬಂದು ಕೂತ ಮೇಲೆ ಒಂದು ಮಾತು ಕಿವಿಗೆ ಬಿತ್ತು. ಮುಂದಿನ ವರ್ಷ ಈ ಓಟವನ್ನು ದೊಡ್ಡದು ಮಾಡೋಣ, ಈಗಿನ ನಾಲ್ಕು ಪಟ್ಟು ಜನರನ್ನು ಸೇರಿಸೋಣ ಅಂತ. ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ಗೊತ್ತು. ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಯಾಕೆ ಅಂತ ಹೇಳದೆ ಹೋದರೆ ಇವತ್ತು ನನಗೆ ನಿದ್ದೆ ಬರುವುದಿಲ್ಲ.

ನಾನು ಮೊದಲು ಓಡುತ್ತಿದ್ದೆ. ಈಗ ಕೆಲವು ವರ್ಷಗಳಿಂದ ಇಂಥ ಸಣ್ಣ ಓಟಗಳಲ್ಲಿ ಸ್ವೀಪರ್ ಆಗಿ ಹೋಗುತ್ತೇನೆ. ಸ್ವೀಪರ್ ಅಂದರೆ ಎಲ್ಲರಿಗಿಂತ ಕೊನೆಯಲ್ಲಿ ಬರುವವನು. ನನ್ನ ಮುಂದೆ ಎಷ್ಟು ಜನ ಬೇಕಾದರೂ ಇರಬಹುದು, ನನ್ನ ಹಿಂದೆ ಒಬ್ಬರೂ ಇರಬಾರದು. ಅಷ್ಟೇ ಕೆಲಸ.

ಕೊನೆಯಲ್ಲಿ ಬರುವವನಿಗೆ ಓಟ ಬೇರೆಯೇ ಥರ ಕಾಣುತ್ತದೆ. ಮೊದಲ ನಾಲ್ಕೈದು ಕಿಲೋಮೀಟರ್ ಎಲ್ಲರೂ ಓಡುತ್ತಾರೆ, ಮಾತಾಡುತ್ತಾರೆ, ಫೋಟೋ ತೆಗೆಯುತ್ತಾರೆ. ಮೊದಲ ಕಡಿದಾದ ಏರು ಬಂತು ನೋಡಿ, ಎಲ್ಲ ಗಪ್‌ಚುಪ್. ಶೂ ಕೆಳಗೆ ಜಲ್ಲಿ ಸರಿಯುವ ಸದ್ದು, ಏದುಸಿರು, ಬಾಟಲಿಯಲ್ಲಿ ನೀರು ಕುಲುಕುವ ಸದ್ದು. ಅರ್ಧ ಗಂಟೆ ಯಾರೂ ಬಾಯಿ ಬಿಡುವುದಿಲ್ಲ. ಆಮೇಲೆ ಮತ್ತೆ ಮಾತು ಶುರುವಾಗುತ್ತದೆ, ಆದರೆ ಅದು ಬೇರೆ ಮಾತು. ಮೂರು ಗಂಟೆ ಅಕ್ಕಪಕ್ಕ ನಡೆದವರಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಅವರ ಮಂಡಿನೋವಿನ ಪೂರ್ತಿ ಚರಿತ್ರೆ ಮಾತ್ರ ಬಾಯಿಪಾಠ ಆಗಿರುತ್ತದೆ! ಸಾವಿರಾರು ಜನ ಓಡುವ ರಸ್ತೆ ಮ್ಯಾರಥಾನ್‌ಗಳಲ್ಲಿ ನಾನೂ ಓಡಿದ್ದೇನೆ, ಅಲ್ಲಿ ಈ ಸುಖ ನನಗೆ ಸಿಕ್ಕಿಲ್ಲ.

ಪ್ರತಿ ವರ್ಷ ಒಂದು ಪ್ರಶ್ನೆ ಬರುತ್ತದೆ. ಈ ಸಲವೂ ಬಾಗಿಲಲ್ಲೇ ಒಬ್ಬರು ಕೇಳಿದರು. "ಸಾರ್, ರಸ್ತೆಯ ಮ್ಯಾರಥಾನ್‌ಗೆ ನಾಲ್ಕೂವರೆ ಗಂಟೆ ನನ್ನದು, ಇಲ್ಲಿ ಎಷ್ಟಾಗಬಹುದು?" ನೋಡಿ, ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾನೆ. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಅದು ನಡೆಯುವವರ ಲೆಕ್ಕ, ನೀವು ಅದಕ್ಕಿಂತ ಬೇಗ ಬರುತ್ತೀರಿ. ಆದರೆ ಅದರ ಎರಡನೇ ಭಾಗದಿಂದ ಯಾರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಏರಿಗೆ ಬೇರೆಯೇ ಸಮಯ ಕೊಡಬೇಕು. ರಸ್ತೆಯ ಟೈಮ್ ಮನೆಯಲ್ಲೇ ಬಿಟ್ಟು ಬನ್ನಿ.

ದೂರದ ಮಾತೂ ಹಾಗೇ. ಮ್ಯಾರಥಾನ್‌ನ 42.195 ಕಿಲೋಮೀಟರ್ ಅನ್ನುವುದು 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ದೂರ, ಅದೇ ಅಧಿಕೃತ ಅಂತ ಆಗಿದ್ದು 1921ರಲ್ಲಿ. ರಸ್ತೆಯಲ್ಲಿ ಅದನ್ನು ಇಂಚಿಂಚು ಅಳೆಯುತ್ತಾರೆ. ಬೆಟ್ಟದ ಕಾಲುದಾರಿಯಲ್ಲಿ ಒಬ್ಬರ ವಾಚ್ 41 ಅನ್ನುತ್ತದೆ, ಇನ್ನೊಬ್ಬರದು 43 ಅನ್ನುತ್ತದೆ. ಫಿನಿಶ್ ಲೈನ್ ಹತ್ತಿರ ಬಂದು ಅದಕ್ಕೆ ಜಗಳ ಆಡಬೇಡಿ, ದಯವಿಟ್ಟು. ಅಷ್ಟು ಶಕ್ತಿ ಉಳಿದಿದ್ದರೆ ಯಾರಿಗಾದರೂ ನೀರು ತಂದುಕೊಡಿ.

ಈಗ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಓಟ. ಊರು ಯಾವುದು ಅಂತ ಬೇಡ. ಬೆಳಗ್ಗೆ 64 ಜನ ಹೊರಟರು. ನಾನು ಸ್ವೀಪರ್. ನನ್ನ ಮುಂದಿದ್ದ ಕೊನೆಯ ಓಟಗಾರರ ಎದೆಯ ಮೇಲೆ ನಂಬರ್ 47. ಅರವತ್ತು ದಾಟಿದವರು. ಏರಿನಲ್ಲಿ ಅವರದೇ ಒಂದು ಕ್ರಮ. ನೂರು ಹೆಜ್ಜೆ ಎಣಿಸುವುದು, ನಿಲ್ಲುವುದು, ಹತ್ತು ಸಲ ಉಸಿರು ಬಿಡುವುದು, ಮತ್ತೆ ನೂರು. ಮೇಲೆ ಹೋಗುತ್ತಾ ಮಂಜು ಕವಿಯಿತು. ಇಪ್ಪತ್ತು ಅಡಿ ಮುಂದೆ ಏನೂ ಕಾಣದು. ಹಾಗೇ ಹೀಗೇ ಮಾಡಿ 28ನೇ ಕಿಲೋಮೀಟರ್‌ನ ಚೆಕ್‌ಪೋಸ್ಟ್ ಮುಟ್ಟಿದೆವು. ಕಟ್-ಆಫ್‌ಗೆ, ಅಂದರೆ ಅಲ್ಲಿಗೆ ತಲುಪಲು ಕೊಟ್ಟ ಕೊನೆಯ ಸಮಯಕ್ಕೆ, ಇನ್ನೂ ನಾಲ್ಕು ನಿಮಿಷ ಇತ್ತು. 47ರವರ ಮುಖದಲ್ಲಿ ಅಂಥ ಖುಷಿ ನಾನು ಗೆದ್ದವರ ಮುಖದಲ್ಲೂ ನೋಡಿಲ್ಲ.

ಅಲ್ಲಿದ್ದ ಮಾರ್ಷಲ್, ಅಂದರೆ ಓಟಗಾರರನ್ನು ನೋಡಿಕೊಳ್ಳಲು ನಿಲ್ಲಿಸಿದ್ದ ಹುಡುಗಿ, ಕೈಯಲ್ಲಿ ಹಾಳೆ ಹಿಡಿದು ನಿಂತಿದ್ದಳು. ಪ್ಲಾಸ್ಟಿಕ್ ಕವರಿನೊಳಗೆ ಹಾಳೆ, ಪ್ರತಿ ನಂಬರಿನ ಮುಂದೆ ಪೆನ್ಸಿಲ್ ಗೀಟು. ಅವಳು ಎರಡು ಸಲ ಎಣಿಸಿದಳು. ಆಮೇಲೆ ನನ್ನ ಮುಖ ನೋಡಿ, "ಅಣ್ಣಾ, ಇವರನ್ನೂ ಸೇರಿಸಿದರೆ 63 ಆಗುತ್ತೆ" ಅಂದಳು.

ಹಿಂದಿನ ಚೆಕ್‌ಪೋಸ್ಟ್‌ನಲ್ಲಿ 64 ಇತ್ತು. ನಡುವೆ ಯಾರೂ ಓಟ ಬಿಟ್ಟಿರಲಿಲ್ಲ. ಅಂದರೆ ನನ್ನ ಹಿಂದೆ ಒಬ್ಬರಿದ್ದಾರೆ. ಯಾರೂ ಇರಬಾರದ ಕಡೆ ಒಬ್ಬರಿದ್ದಾರೆ. ನನ್ನ ಕೈಕಾಲು ತಣ್ಣಗಾಯಿತು.

ಆಗ 47ರವರು ಹೇಳಿದರು. "ಕೆಂಪು ಬ್ಯಾಗಿನವರು ಇರಬೇಕು. ಆ ಬ್ಯಾಗ್ ಕಾಣುವ ತನಕ ನಾನು ತೀರಾ ಹಿಂದೆ ಬಿದ್ದಿಲ್ಲ ಅಂತ ಧೈರ್ಯ ಇಟ್ಟುಕೊಂಡು ಬರುತ್ತಿದ್ದೆ. ಒಂಟಿ ಮರದ ಹತ್ತಿರ ದಾರಿ ಕವಲಾಗುತ್ತಲ್ಲ, ಅಲ್ಲಿಂದ ಈಚೆಗೆ ಕಾಣಲಿಲ್ಲ. ಮಂಜಿಗೆ ಅಂದುಕೊಂಡೆ."

ನಾನು ವಾಪಸ್ ಹೊರಟೆ. ಅವರೂ ಹೊರಟರು. ಬೇಡ ಸಾರ್, ನಿಮಗೆ ಇನ್ನೂ ನಾಲ್ಕು ನಿಮಿಷ ಇದೆ, ನೀವು ಮುಂದೆ ಹೋಗಿ ಅಂದೆ. "ಎರಡು ಕಣ್ಣಿಗಿಂತ ನಾಲ್ಕು ಕಣ್ಣು ಮೇಲಲ್ವಾ" ಅಂದರು, ಅಷ್ಟೇ. ಮುಂದಿನ ಮಾತಿಗೆ ನಿಲ್ಲಲಿಲ್ಲ. ಬರುವಾಗ ಹೆಜ್ಜೆ ಎಣಿಸುತ್ತಿದ್ದವರು ವಾಪಸ್ ಹೋಗುವಾಗ ಎಣಿಸಲಿಲ್ಲ.

ಒಂಟಿ ಮರದ ಹತ್ತಿರ ಹೋಗಿ ನೋಡಿದರೆ ದಾರಿ ತೋರಿಸಲು ಕಟ್ಟಿದ್ದ ರಿಬ್ಬನ್ ಇಲ್ಲ. ಪೊದೆಯಲ್ಲಿ ಅದರ ಗಂಟು ಮಾತ್ರ ಉಳಿದಿದೆ, ಒದ್ದೆಯಾಗಿ, ಜಗಿದ ಹಾಗೆ. ಪಕ್ಕದಲ್ಲೇ ಒಂದು ದನ ಆರಾಮಾಗಿ ಮೆಲುಕು ಹಾಕುತ್ತಾ ನಿಂತಿತ್ತು. ನಗಬಹುದು, ನಾವೂ ಆಮೇಲೆ ನಕ್ಕಿದ್ದೇವೆ. ಆದರೆ ನಾನು ಅಲ್ಲಿಂದ ಬರುವಾಗ ರಿಬ್ಬನ್ ಇಲ್ಲದ್ದನ್ನು ನೋಡಲೇ ಇಲ್ಲ. ದಾರಿ ನನಗೆ ಬಾಯಿಪಾಠ, ಹಾಗಾಗಿ ಕಣ್ಣು ಹುಡುಕಲಿಲ್ಲ. ಅದು ನನ್ನ ತಪ್ಪು. ಇವತ್ತಿಗೂ ಪ್ರತಿ ಕವಲಿನಲ್ಲಿ ನಿಂತು ರಿಬ್ಬನ್ ಮುಟ್ಟಿ ನೋಡಿಯೇ ಮುಂದೆ ಹೋಗುತ್ತೇನೆ.

ತಪ್ಪು ದಾರಿಯಲ್ಲಿ ಸೀಟಿ ಊದುತ್ತಾ ಹೋದೆವು. ಅರ್ಧ ಕಿಲೋಮೀಟರ್ ದಾಟಿರಬೇಕು, ಉತ್ತರ ಬಂತು. ಸಣ್ಣ ದನಿ. ಆಕೆ ಒಂದು ಬಂಡೆಗೆ ಒರಗಿ ಕೂತಿದ್ದರು. ಬ್ಯಾಗ್ ತೊಡೆಯ ಮೇಲಿತ್ತು. ಮೈಯೆಲ್ಲ ಗಡಗಡ ನಡುಗುತ್ತಿತ್ತು. ಜಾಕೆಟ್ ತಂದಿಲ್ವಾ ಅಕ್ಕಾ ಅಂದರೆ ಬ್ಯಾಗ್ ತೋರಿಸಿದರು. ಜಾಕೆಟ್ ಒಳಗೇ ಇತ್ತು. ಜಿಪ್ ಎಳೆಯಲು ಬೆರಳು ಬರುತ್ತಿರಲಿಲ್ಲ. ಸುಮಾರು ಹೊತ್ತು ಪ್ರಯತ್ನಪಟ್ಟಿದ್ದಾರೆ, ಹಲ್ಲಿನಲ್ಲೂ ಎಳೆದಿದ್ದಾರೆ. ಬೆಚ್ಚಗಿನ ಬಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಚಳಿಯಲ್ಲಿ ಕೂತಿದ್ದಾರೆ. 47ರವರು ಜಿಪ್ ತೆಗೆದರು. ಮಗುವಿಗೆ ಅಂಗಿ ತೊಡಿಸುವ ಹಾಗೆ ಒಂದೊಂದೇ ತೋಳು ಹಾಕಿದೆವು. ಅವರ ಎರಡೂ ಕೈಯನ್ನು ನನ್ನ ಕಂಕುಳಲ್ಲಿ ಇಟ್ಟುಕೊಂಡು ಕೂತೆ. ಹತ್ತು ನಿಮಿಷ ಬೇಕಾಯಿತು ಅವರಿಗೆ ತಮ್ಮ ಹೆಸರು ಸರಿಯಾಗಿ ಹೇಳಲು.

ಸಾವಿರ ಮೀಟರ್ ಮೇಲೆ ಹೋದರೆ ಸರಾಸರಿ ಆರೂವರೆ ಡಿಗ್ರಿ ಚಳಿ ಜಾಸ್ತಿ. ಬೆವರಿಗೆ ಬನಿಯನ್ ಒದ್ದೆ, ಮೇಲಿಂದ ಗಾಳಿ. ಓಡುತ್ತಿರುವ ತನಕ ಗೊತ್ತಾಗುವುದಿಲ್ಲ, ನಿಂತ ಐದೇ ನಿಮಿಷಕ್ಕೆ ಗೊತ್ತಾಗುತ್ತದೆ, ಆಗ ಬೆರಳು ಕೈಕೊಟ್ಟಿರುತ್ತದೆ. ಚಳಿ ಆದ ಮೇಲೆ ಜಾಕೆಟ್ ಹಾಕುವುದಲ್ಲ. ಚಳಿ ಆಗುವ ಮುಂಚೆ ಹಾಕಬೇಕು. ನಾಳೆ ಮೇಲಿನ ಬಯಲಿಗೆ ಬರುವ ಮೊದಲೇ, ಮರಗಳ ಮರೆಯಲ್ಲೇ ನಿಂತು ಹಾಕಿಕೊಳ್ಳಿ.

47ರವರಿಗೆ ಕಟ್-ಆಫ್ ತಪ್ಪಿತು, ಹೇಳಬೇಕಾಗಿಲ್ಲ. ಜೀಪಿನಲ್ಲಿ ಕೆಳಗೆ ಬಂದೆವು. ಓಟ ನಡೆಸುವವರು ಹೇಳಿದರು, ಸಾರ್, ನೀವು ಸಮಯಕ್ಕೆ ಮುಂಚೆ ತಲುಪಿದ್ದಿರಿ, ಮುಗಿಸಿದ್ದೀರಿ ಅಂತಲೇ ಬರೆಯುತ್ತೇವೆ. ಅವರು ಒಪ್ಪಲಿಲ್ಲ. "ನಾನು ಮುಗಿಸಿಲ್ಲ. ಇದ್ದದ್ದು ಬರೆಯಿರಿ." ಆ ಫಲಿತಾಂಶದ ಹಾಳೆಯಲ್ಲಿ ಇವತ್ತಿಗೂ ಹಾಗೇ ಇದೆ. ಮುಗಿಸಿದವರು 62, ಮುಗಿಸದವರು 2. ಒಟ್ಟು 64.

ನನ್ನ ವಾದ ಇಷ್ಟೇ. ಮಾರ್ಷಲ್ ಹುಡುಗಿಯ ಆ ಒಂದು ಹಾಳೆ ಇತ್ತಲ್ಲ, ಒಂದೇ ಹಾಳೆಯಲ್ಲಿ ಅಷ್ಟೂ ನಂಬರ್ ಹಿಡಿಸಿತ್ತಲ್ಲ, ಅದಕ್ಕೇ ಒಬ್ಬರು ಕಡಿಮೆಯಾಗಿದ್ದು ಎರಡು ನಿಮಿಷದಲ್ಲಿ ತಿಳಿಯಿತು. ಬೆನ್ನಿನ ಬ್ಯಾಗಿನ ಬಣ್ಣ ನೆನಪಿಟ್ಟುಕೊಳ್ಳುವಷ್ಟು ಜನ ಕಡಿಮೆ ಇದ್ದರು. ನಾಲ್ಕು ಪಟ್ಟು ಜನ ಬಂದರೆ ನಾಲ್ಕು ಪಟ್ಟು ಮಾರ್ಷಲ್‌ಗಳು ಎಲ್ಲಿಂದ ಬರುತ್ತಾರೆ?

ಸಣ್ಣ ಓಟ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತ ನಾನು ಹೇಳುತ್ತಿಲ್ಲ. ಚೀನಾದ ಗಾನ್ಸು ಪ್ರಾಂತ್ಯದಲ್ಲಿ 2021ರ ಮೇ 22ರಂದು ನಡೆದಿದ್ದು ನಿಮಗೆಲ್ಲ ಗೊತ್ತು. 100 ಕಿಲೋಮೀಟರ್ ಓಟ, 172 ಜನ. ಅದು ಭಾರೀ ಸಂಖ್ಯೆ ಅಲ್ಲ. ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಗಾಳಿ, ಆಲಿಕಲ್ಲು, ಮರಗಟ್ಟಿಸುವ ಮಳೆ. 21 ಜನ ತೀರಿಕೊಂಡರು. ಎಂಥೆಂಥ ಓಟಗಾರರು ಅವರಲ್ಲಿದ್ದರು. ಗಾಳಿ ತಡೆಯುವ ಜಾಕೆಟ್ ಅಲ್ಲಿ ಕಡ್ಡಾಯವಾಗಿರಲಿಲ್ಲ. ಕುರಿ ಕಾಯುವವರೊಬ್ಬರು ಆರು ಜನರನ್ನು ತಾವಿದ್ದ ಗುಹೆಯೊಳಗೆ ಸೇರಿಸಿ, ಬೆಂಕಿ ಹಾಕಿ ಉಳಿಸಿದರು. ಹಾಗಾಗಿ ಎಷ್ಟು ಜನ ಓಡುತ್ತಾರೆ ಅನ್ನುವುದಕ್ಕಿಂತ, ಒಬ್ಬೊಬ್ಬ ಓಟಗಾರನ ಮೇಲೆ ಎಷ್ಟು ಕಣ್ಣಿದೆ ಅನ್ನುವುದು ದೊಡ್ಡದು. ಕಣ್ಣು ಹೆಚ್ಚಿಸಿ, ಆಮೇಲೆ ಜನ ಹೆಚ್ಚಿಸಿ. ಮೊದಲು ಜನ ಹೆಚ್ಚಿಸಿ ಆಮೇಲೆ ಕಣ್ಣು ಹುಡುಕಬೇಡಿ.

ಹಾಳೆಯ ಮಾತು ಬಂದಿದ್ದಕ್ಕೆ ಇದೊಂದು ಹೇಳಲೇಬೇಕು. ಅಮೆರಿಕದ ಪೈಕ್ಸ್ ಪೀಕ್ ಅನ್ನುವ ಬೆಟ್ಟದ ತುದಿ 4300 ಮೀಟರ್. 1959ರಲ್ಲಿ ಅಲ್ಲಿನ ಮ್ಯಾರಥಾನ್‌ನಲ್ಲಿ ಆರ್ಲೀನ್ ಪೀಪರ್ ಅನ್ನುವ ಹೆಣ್ಣುಮಗಳು ಓಡಿದಳು. ತುದಿಯ ತನಕ ಒಂಬತ್ತು ವರ್ಷದ ಮಗಳೂ ಜೊತೆಗಿದ್ದಳು. ತಾಯಿ ಮೇಲೆ ಹೋಗಿ, ಕೆಳಗೆ ಇಳಿದು ಓಟ ಮುಗಿಸಿ ಮನೆಗೆ ಹೋದಳು. ಮುಂದೆ 2009ರಲ್ಲಿ ಅವಳನ್ನು ಹುಡುಕಿ ತಿಳಿಸಿದರು, ಅಮ್ಮಾ, ಈ ದೇಶದಲ್ಲಿ ಅಧಿಕೃತವಾಗಿ ಮ್ಯಾರಥಾನ್ ಮುಗಿಸಿದ ಮೊದಲ ಹೆಂಗಸು ನೀವೇ ಅಂತ. ಐವತ್ತು ವರ್ಷ ಅವಳಿಗೇ ಗೊತ್ತಿರಲಿಲ್ಲ! ಯಾರೋ ಅವತ್ತು ಹೆಸರು ಬರೆದಿಟ್ಟಿದ್ದರು, ಅದಕ್ಕೇ ಸಿಕ್ಕಳು. ಕೊನೆಯವರು ಬರುವ ತನಕ ಹಾಳೆ ಹಿಡಿದು ನಿಲ್ಲುವವರ ಕೆಲಸ ಎಷ್ಟು ದೊಡ್ಡದು ನೋಡಿ.

ಆಯಿತಾ ಸಮಯ? ಐದು ನಿಮಿಷಾನಾ? ಇಳಿಜಾರು, ನೀರು ಎರಡೂ ಬಾಕಿ ಇದೆ. ಬೇಗ ಹೇಳುತ್ತೇನೆ.

ಇಳಿಜಾರಿನಲ್ಲಿ ಉಸಿರು ಹಗುರ, ಹಾಗಾಗಿ ಹಾರಿಕೊಂಡು ಹೋಗುತ್ತೀರಿ. ಅಲ್ಲಿ ತೊಡೆಯ ಸ್ನಾಯು ಬ್ರೇಕ್ ಹಾಕುತ್ತಿರುತ್ತದೆ, ಭಾರ ಹೊತ್ತುಕೊಂಡೇ ಎಳೆಯಲ್ಪಡುತ್ತದೆ, ಒಳಗೆ ಸಣ್ಣಸಣ್ಣಗೆ ಹರಿಯುತ್ತದೆ. ನೋವು ಅವತ್ತಲ್ಲ, ಮಾರನೇ ದಿನ, ಅದರ ಮಾರನೇ ದಿನ. ಮೆಟ್ಟಿಲು ಹಿಂದುಮುಂದಾಗಿ ಇಳಿಯುತ್ತೀರಿ. ಗಿಡ್ಡ ಹೆಜ್ಜೆ ಇಡಿ, ಮಂಡಿ ಸ್ವಲ್ಪ ಮಡಚಿಕೊಂಡಿರಲಿ. ಶೂ ಲೇಸ್ ಇಳಿಯುವ ಮುಂಚೆ ಬಿಗಿ ಮಾಡಿ, ಇಲ್ಲದಿದ್ದರೆ ಹೆಬ್ಬೆರಳಿನ ಉಗುರು ಹೋಯಿತು ಅಂತಲೇ ಲೆಕ್ಕ.

ನೀರು ಬಾಯಾರಿದಾಗ ಕುಡಿಯಿರಿ. ಸುಮ್ನೆ ಲೀಟರ್‌ಗಟ್ಟಲೆ ಸುರಿದುಕೊಳ್ಳಬೇಡಿ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಅದಕ್ಕೆ ಮುಖ್ಯ ಕಾರಣ ಜಾಸ್ತಿ ನೀರು.

ಇನ್ನೊಂದೇ ಮಾತು. ನಾಳೆ ಯಾರಾದರೂ ಓಟ ಬಿಟ್ಟರೆ, ಬಿಡಬಹುದು, ಏನೂ ತಪ್ಪಿಲ್ಲ. ಆದರೆ ಸುಮ್ಮನೆ ಯಾರದೋ ಗಾಡಿ ಹತ್ತಿ ರೂಮಿಗೆ ಹೋಗಿ ಮಲಗಬೇಡಿ. ಮಾರ್ಷಲ್ ಹತ್ತಿರ ಹೋಗಿ ನಂಬರ್ ಹೇಳಿ, ಅವರು ಗೀಟು ಹಾಕುವುದನ್ನು ಕಣ್ಣಾರೆ ನೋಡಿ, ಆಮೇಲೆ ಹೋಗಿ. ನೀವು ರೂಮಿನಲ್ಲಿ ಮಲಗಿದ್ದಾಗ ನಾನು ಟಾರ್ಚ್ ಹಿಡಿದು ಬೆಟ್ಟದಲ್ಲಿ ನಿಮ್ಮ ನಂಬರ್ ಕೂಗುತ್ತಾ ತಿರುಗುವ ಹಾಗಾಗಬಾರದು.

ಈಗ ಎಲ್ಲರೂ ಬಿಬ್, ಅಂದರೆ ಎದೆಗೆ ಹಾಕುವ ನಂಬರಿನ ಚೀಟಿ, ತೆಗೆಯಿರಿ. ಹಿಂದುಗಡೆ ಖಾಲಿ ಜಾಗ ಇದೆ. ನಿಮ್ಮ ಹೆಸರು, ಮನೆಯವರ ಫೋನ್ ನಂಬರ್, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದೂ ಬರೆಯಿರಿ. ಪೆನ್ನು ಇಲ್ಲಿ ಹತ್ತು ಇವೆ, ಮುಂದಿನ ಸಾಲಿನಿಂದ ಹಿಂದಕ್ಕೆ ಕೊಡುತ್ತಾ ಹೋಗಿ. ಹೋಗುವಾಗ ಬಾಗಿಲಲ್ಲಿ ನಾನು ನಿಂತಿರುತ್ತೇನೆ, ಒಮ್ಮೆ ನಿಮ್ಮ ಬ್ಯಾಗ್ ತೋರಿಸಿ, ಬಣ್ಣ ಬರೆದುಕೊಳ್ಳುತ್ತೇನೆ.