ಟೆಲ್ಯೂರಿಯಂ ಮೊದಲು, ಅಯೋಡಿನ್ ಆಮೇಲೆ

ಕೇಳುಗರಿಗೆ ನಮಸ್ಕಾರ.

ಶಾಲೆಯ ಗೋಡೆಗಳ ಮೇಲೆ ತೂಗುವ ಆವರ್ತ ಕೋಷ್ಟಕದಲ್ಲಿ 52 ಮತ್ತು 53ನೆಯ ಮನೆಗಳನ್ನು ನೆನಪಿಸಿಕೊಳ್ಳಿ. ಮೊದಲನೆಯದು ಟೆಲ್ಯೂರಿಯಂ, ಅದರ ಪರಮಾಣು ತೂಕ 127.6; ಎರಡನೆಯದು ಅಯೋಡಿನ್, ತೂಕ 126.9. ಹೆಚ್ಚು ತೂಗುವುದು ಮುಂಚೆಯೇ ಬಂದು ಕುಳಿತಿದೆ! 1869ರಲ್ಲಿ ರಷ್ಯದ ಮೆಂಡಲೀವ್, ಆಗ ತಿಳಿದಿದ್ದ 63 ಧಾತುಗಳನ್ನು ತೂಕದ ಏರಿಕೆಯಲ್ಲಿಯೇ ಜೋಡಿಸಲು ಹೊರಟವರಾದರೂ, ಅಯೋಡಿನ್ ಗುಣದಲ್ಲಿ ಕ್ಲೋರಿನ್, ಬ್ರೋಮಿನ್‌ಗಳ ಬಳಗಕ್ಕೆ ಸೇರಿದ್ದೆಂಬುದನ್ನು ಕಂಡು, ಇಲ್ಲಿ ತಮ್ಮ ನಿಯಮವನ್ನು ತಾವೇ ಬದಿಗಿಟ್ಟರು. ಟೆಲ್ಯೂರಿಯಂನ ತೂಕವನ್ನು ಅಳೆದವರೇ ತಪ್ಪಿದ್ದಾರೆಂಬುದು ಅವರ ನಂಬಿಕೆಯಾಗಿತ್ತು. ಅಳತೆ ತಪ್ಪಿರಲಿಲ್ಲ, ಆದರೆ ಅವರು ಕೊಟ್ಟ ಸ್ಥಾನವೂ ತಪ್ಪಿರಲಿಲ್ಲ.

ಈ ಗಂಟನ್ನು ಬಿಡಿಸಿದವರು ಇಂಗ್ಲೆಂಡಿನ ಹೆನ್ರಿ ಮೋಸ್ಲಿ. 1913ರಲ್ಲಿ ಅವರು ಒಂದೊಂದೇ ಧಾತುವಿನ ಮೇಲೆ ಎಲೆಕ್ಟ್ರಾನ್‌ಗಳನ್ನು ಹಾಯಿಸಿ, ಹೊರಬಂದ ಎಕ್ಸ್-ಕಿರಣಗಳನ್ನು ಅಳೆದಾಗ, ಅವುಗಳ ಕಂಪನಾಂಕದ ವರ್ಗಮೂಲವು ಧಾತುವಿನಿಂದ ಧಾತುವಿಗೆ ಸಮನಾದ ಮೆಟ್ಟಿಲುಗಳಲ್ಲಿ ಏರುತ್ತಿತ್ತು. ತೂಕದಲ್ಲಿ ನಿಕ್ಕಲ್‌ಗಿಂತ ತುಸು ಮೇಲಿರುವ ಕೋಬಾಲ್ಟ್ ಈ ಏಣಿಯಲ್ಲಿ ಒಂದು ಮೆಟ್ಟಿಲು ಕೆಳಗೇ ನಿಂತಿತು. ಹಾಗಾದರೆ ಮನೆಯ ಮೂಲೆಯಲ್ಲಿರುವ ಅಂಕಿ ಬರಿಯ ಹಾಜರಿ ಸಂಖ್ಯೆಯಲ್ಲ, ಅದು ಪರಮಾಣುವಿನ ನ್ಯೂಕ್ಲಿಯಸ್ ಹೊತ್ತಿರುವ ಧನ ವಿದ್ಯುದಂಶದ ಎಣಿಕೆ. ಎರಡೇ ವರ್ಷಗಳಲ್ಲಿ, ಗಲಿಪೊಲಿಯ ಯುದ್ಧಭೂಮಿಯಲ್ಲಿ, ಮೋಸ್ಲಿ ಗುಂಡೇಟಿಗೆ ಬಲಿಯಾದರು. ಅವರಿಗೆ ಆಗ 27 ವರ್ಷ.

ತೂಕದ ಏರುಪೇರಿಗೆ ಕಾರಣ ನ್ಯೂಟ್ರಾನ್‌ಗಳು, ಅಂದರೆ ನ್ಯೂಕ್ಲಿಯಸ್‌ನಲ್ಲಿ ಧನ ವಿದ್ಯುದಂಶದ ಪ್ರೋಟಾನ್‌ಗಳ ಜೊತೆಗಿರುವ, ವಿದ್ಯುದಂಶವಿಲ್ಲದ ಕಣಗಳು. ನಿಸರ್ಗದಲ್ಲಿ ಸಿಗುವ ಅಯೋಡಿನ್‌ನಲ್ಲಿ 53 ಪ್ರೋಟಾನ್, 74 ನ್ಯೂಟ್ರಾನ್. ಟೆಲ್ಯೂರಿಯಂಗೆ ಪ್ರೋಟಾನ್ ಒಂದು ಕಡಿಮೆಯಾದರೂ ಅದರ ಬಹುಪಾಲು ಪರಮಾಣುಗಳಲ್ಲಿ ನ್ಯೂಟ್ರಾನ್‌ಗಳು 74ಕ್ಕಿಂತ ಹೆಚ್ಚು.

ಇನ್ನು ಮೂರನೆಯ ಅಡ್ಡಸಾಲಿಗೆ ಬರೋಣ. ಅದರ ಮೊದಲ ಮನೆ ಸೋಡಿಯಂನದು, ಅಂಕಿ 11. ಮೂರನೆಯ ಸಾಲೆಂದರೆ ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್‌ನ ಸುತ್ತ ಮೂರು ಕವಚಗಳಲ್ಲಿವೆ ಎಂದರ್ಥ. ಮೊದಲ ಕಂಬಸಾಲೆಂದರೆ ಹೊರಕವಚದಲ್ಲಿ ಒಂದೇ ಎಲೆಕ್ಟ್ರಾನ್ ಇದೆ ಎಂದರ್ಥ: ಎರಡು, ಎಂಟು, ಒಂದು. ಅದೇ ಸಾಲಿನ ಕೊನೆಯ ಹಿಂದಿನ ಮನೆಯಲ್ಲಿರುವ ಕ್ಲೋರಿನ್‌ನದು ಎರಡು, ಎಂಟು, ಏಳು. ಎಲೆಕ್ಟ್ರಾನ್ ಹೆಚ್ಚಿದ್ದರೆ ಪರಮಾಣುವೂ ದೊಡ್ಡದಿರಬೇಕೆಂದು ಮನಸ್ಸು ಊಹಿಸುತ್ತದೆ, ನಾನೂ ವಿದ್ಯಾರ್ಥಿಯಾಗಿದ್ದಾಗ ಹಾಗೆಯೇ ಉತ್ತರಿಸಿದ್ದೆ. ಆದರೆ ಕವಚಗಳ ಸಂಖ್ಯೆ ಮೂರೇ ಆಗಿರುವಾಗ ನ್ಯೂಕ್ಲಿಯಸ್‌ನ ಸೆಳೆತ 11ರಿಂದ 17ಕ್ಕೆ ಏರುವುದರಿಂದ ಕ್ಲೋರಿನ್ ಬಿಗಿಯಾಗಿ ಕುಗ್ಗಿರುತ್ತದೆ. ಇವೆರಡೂ ಸೇರಿ ಅಡುಗೆಯ ಉಪ್ಪಾದಾಗ ಮಾತ್ರ ಲೆಕ್ಕ ತಿರುಗಿಬೀಳುತ್ತದೆ: ಒಂಟಿ ಎಲೆಕ್ಟ್ರಾನನ್ನು ಕೊಟ್ಟ ಸೋಡಿಯಂ ಒಂದು ಕವಚವನ್ನೇ ಕಳೆದುಕೊಂಡು ಸಣ್ಣದಾಗುತ್ತದೆ, ಪಡೆದ ಕ್ಲೋರಿನ್ ಉಬ್ಬುತ್ತದೆ, ಉಪ್ಪಿನ ಹರಳಿನಲ್ಲಿ ಹೀಗೆ ಎಲೆಕ್ಟ್ರಾನ್ ಪಡೆದ ಕ್ಲೋರಿನ್‌ಗಳೇ, ಅಂದರೆ ಕ್ಲೋರೈಡ್‌ಗಳೇ, ದೊಡ್ಡವು.

ನಮಸ್ಕಾರ.