ಕೊಕ್ಕೆ ಒಂದೇ, ಪಿನ್ನುಗಳು ಹಲವು: ಕ್ವಿಕ್ ಹಿಚ್‌ಗೆ ನಮ್ಮ ಉಪಕರಣಗಳನ್ನು ಹೊಂದಿಸುವ ಬಗೆ

ಎಲ್ಲರಿಗೂ ನಮಸ್ಕಾರ. ಬಾಡಿಗೆಗೆ ಟ್ರ್ಯಾಕ್ಟರ್ ಇಟ್ಟವರು, ವೆಲ್ಡಿಂಗ್ ಅಂಗಡಿ ನಡೆಸುವವರು, ಐ.ಟಿ.ಐ. ಓದುತ್ತಿರುವ ಹುಡುಗರು ಬಂದಿದ್ದೀರಿ. ಹಾಗಾಗಿ ಪೀಠಿಕೆ ಬೇಡ.

ಬೆಳಿಗ್ಗೆ ಒಬ್ಬರ ಹೊಲಕ್ಕೆ ಕಲ್ಟಿವೇಟರ್ ಹೊಡೆದು, ಮಧ್ಯಾಹ್ನ ಇನ್ನೊಬ್ಬರ ಗದ್ದೆಗೆ ರೋಟವೇಟರ್ ಒಯ್ಯಬೇಕು. ಚಾಲಕ ಟ್ರ್ಯಾಕ್ಟರನ್ನು ಹಿಂದಕ್ಕೆ ತರುತ್ತಾನೆ. ಪಿನ್ನು ಎರಡು ಬೆರಳು ಆಚೆ ಉಳಿಯುತ್ತದೆ. ಇನ್ನೊಬ್ಬ ಎರಡರ ನಡುವೆ ನಿಂತು ಹಾರೆಯಿಂದ ಮೀಟುತ್ತಾ ‘ಇನ್ನು ಸ್ವಲ್ಪ, ಇನ್ನು ಸ್ವಲ್ಪ’ ಎನ್ನುತ್ತಾನೆ. ಕ್ಲಚ್ಚಿನ ಮೇಲಿನ ಕಾಲು ಆಗ ಜಾರಿದರೆ ಅವನಿಗೆ ಓಡಲು ಜಾಗವಿಲ್ಲ. ನನ್ನ ಎಡಗೈ ಕಿರುಬೆರಳಿನ ತುದಿ ಹೋದದ್ದು ಹೀಗೆಯೇ. ಉಪಕರಣವನ್ನು ಟ್ರ್ಯಾಕ್ಟರಿಗೆ ಬೇಗನೆ ಸಿಕ್ಕಿಸುವ ಕೊಕ್ಕೆಯ ಸಾಧನವೇ ಕ್ವಿಕ್ ಹಿಚ್. ಅದೆಂದರೆ ಸಮಯದ ಉಳಿತಾಯ ಎಂದು ಮಾರುವವರು ಹೇಳುತ್ತಾರೆ. ನನಗೆ ಅದು ಎರಡನೆಯ ಮಾತು. ಆ ಇಕ್ಕಟ್ಟಿನಲ್ಲಿ ಮನುಷ್ಯ ನಿಲ್ಲುವ ಹೊತ್ತನ್ನು ಅದು ಕಡಿಮೆ ಮಾಡುತ್ತದೆ, ಅದಕ್ಕಾಗಿಯೇ ನನಗೆ ಅದು ಬೇಕು.

ನಾವು ‘ಮ್ಯಾಸಿ’ ಎಂದು ಕರೆಯುವ ಟ್ರ್ಯಾಕ್ಟರಿನ ಹೆಸರಿನಲ್ಲಿ ಫರ್ಗ್ಯುಸನ್ ಎಂಬ ಇನ್ನೊಂದು ಅರ್ಧವಿದೆ. ಹ್ಯಾರಿ ಫರ್ಗ್ಯುಸನ್ ಐರ್ಲೆಂಡಿನವರು. ಅವರ ಕಾಲದಲ್ಲಿ ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಬಂಡಿಯಂತೆ ಎಳೆಯುತ್ತಿದ್ದರು. ನೇಗಿಲು ಕಲ್ಲಿಗೆ ಸಿಕ್ಕಿದರೆ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಚಾಲಕನ ಮೇಲೆಯೇ ಮಗುಚುತ್ತಿತ್ತು. ಕೆಳಗೆ ಎರಡು ಲಿಂಕ್, ಮೇಲೆ ಒಂದು ಟಾಪ್ ಲಿಂಕ್, ಎತ್ತಿ ಇಳಿಸಲು ಹೈಡ್ರಾಲಿಕ್, ಹೀಗೆ ನೇಗಿಲನ್ನೂ ಟ್ರ್ಯಾಕ್ಟರನ್ನೂ ಒಂದೇ ಮೈಯಾಗಿ ಮಾಡಿದವರು ಅವರು. 1939ರ ಫೋರ್ಡ್ 9ಎನ್ ಮೂಲಕ ಆ ಏರ್ಪಾಡು ಊರೂರಿಗೆ ಹೋಯಿತು. ಇಂದು ನಮ್ಮ ಹೊಲದಲ್ಲಿ ಓಡಾಡುವ ಹೆಚ್ಚುಕಡಿಮೆ ಪ್ರತಿ ಟ್ರ್ಯಾಕ್ಟರಿನ ಬೆನ್ನಿಗೂ ಅದೇ ಮೂರು ಬಿಂದುಗಳಿವೆ.

ಕ್ವಿಕ್ ಹಿಚ್‌ನಲ್ಲಿ ಮೂರು ನಾಲ್ಕು ಬಗೆಗಳಿವೆ. ನಾನು ಇಂದು ಹೇಳುವುದು ಬೋರಲು ‘ಯು’ ಆಕಾರದ ಚೌಕಟ್ಟಿನ ಬಗ್ಗೆ. ಅದು ಟ್ರ್ಯಾಕ್ಟರಿನ ಮೂರು ಲಿಂಕುಗಳಿಗೆ ಕಾಯಂ ಆಗಿ ಸೇರಿಕೊಳ್ಳುತ್ತದೆ. ಹಿಂಬದಿಗೆ ಮೂರು ಕೊಕ್ಕೆಗಳಿರುತ್ತವೆ. ಚಾಲಕ ಹಿಂದಕ್ಕೆ ಬಂದು ಚೌಕಟ್ಟನ್ನು ಎತ್ತಿದರೆ ಕೊಕ್ಕೆಗಳು ಪಿನ್ನುಗಳ ಅಡಿಯಿಂದ ಬಂದು ಹಿಡಿದುಕೊಳ್ಳುತ್ತವೆ, ಕೆಳಗಿನ ಎರಡಕ್ಕೆ ಲಾಕ್ ಬೀಳುತ್ತದೆ. ಕೇಳಲು ಇಷ್ಟೇ. ಆದರೆ ನಮ್ಮ ಉಪಕರಣಗಳು ಆ ಕೊಕ್ಕೆಗಳಿಗೆಂದು ಹುಟ್ಟಿದವಲ್ಲ.

ಎತ್ತಿನ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ನೊಗ ಎತ್ತುಗಳ ಹೆಗಲ ಮೇಲೆಯೇ ಇರುತ್ತಿತ್ತು. ನೇಗಿಲು ಬಿಚ್ಚಿ ಕುಂಟೆ, ಕುಂಟೆ ಬಿಚ್ಚಿ ಕೂರಿಗೆ ಕಟ್ಟುತ್ತಿದ್ದೆವು. ಯಾವ ಈಸು ಬಂದರೂ ಅದೇ ನೊಗಕ್ಕೆ ಮಿಣಿ ಸುತ್ತಿದರೆ ಮುಗಿಯಿತು, ಏಕೆಂದರೆ ಊರಿನ ಬಡಗಿಯ ಕೈಯಲ್ಲಿ ಒಂದು ಅಳತೆ ಇತ್ತು. ಇಂದು ಒಂದೇ ಅಂಗಳದಲ್ಲಿರುವ ನಾಲ್ಕು ಉಪಕರಣಗಳು ನಾಲ್ಕು ಕಡೆ ತಯಾರಾಗಿ, ನಾಲ್ಕು ಅಳತೆ ಹೊತ್ತು ಬಂದಿರುತ್ತವೆ. ಕ್ವಿಕ್ ಹಿಚ್ ಕೊಳ್ಳುವ ಮೊದಲು ಆ ನಾಲ್ಕನ್ನೂ ಒಂದು ಅಳತೆಗೆ ತರಲು ಸಿದ್ಧರಿದ್ದೀರಾ ಎಂದು ಕೇಳಿಕೊಳ್ಳಿ. ಇಲ್ಲವಾದರೆ ದುಡ್ಡು ಹಾಕಬೇಡಿ.

ಅಳತೆಗಳನ್ನು ಬರೆದುಕೊಳ್ಳಿ. ಮೂರು ಬಿಂದುಗಳ ಜೋಡಣೆಯನ್ನು ಟ್ರ್ಯಾಕ್ಟರಿನ ಶಕ್ತಿಗೆ ತಕ್ಕಂತೆ ವರ್ಗಗಳಾಗಿ ವಿಂಗಡಿಸಿದ್ದಾರೆ. ಮೊದಲ ವರ್ಗದ ಉಪಕರಣದಲ್ಲಿ ಕೆಳಗಿನ ಪಿನ್ನು 22 ಮಿಲಿಮೀಟರ್ ದಪ್ಪ, ಎರಡನೆಯ ವರ್ಗದಲ್ಲಿ 28. ಮೇಲಿನ ಪಿನ್ನು ಕ್ರಮವಾಗಿ 19 ಮತ್ತು 25. ಕೆಳಗಿನ ಎರಡು ಜೋಡಣೆಗಳ ನಡುವಿನ ಅಗಲ ಮೊದಲನೆಯದರಲ್ಲಿ 683, ಎರಡನೆಯದರಲ್ಲಿ 825. ಕೆಳ ಪಿನ್ನಿನಿಂದ ಮೇಲಿನ ಪಿನ್ನಿನ ಎತ್ತರ 460 ಮತ್ತು 610. ಅಮೆರಿಕದಲ್ಲಿ ರೂಢಿಗೆ ಬಂದ ಕ್ವಿಕ್ ಹಿಚ್‌ನಲ್ಲಾದರೋ ಈ ಎತ್ತರ ಹದಿನೈದು ಇಂಚು, ಅಂದರೆ 381 ಮಿಲಿಮೀಟರ್. ತಕರಾರು ಹುಟ್ಟುವುದು ಇಲ್ಲಿಯೇ.

ಕೆಳಗಿನ ಪಿನ್ನಿನ ಕೆಲಸ ಸುಲಭ. ಕೊಕ್ಕೆಯ ಬಾಯಿ ಸುಮಾರು 36.5 ಮಿಲಿಮೀಟರಿಗೆ ಮಾಡಿದ್ದು. ಲೇತ್‌ನಲ್ಲಿ ಇ.ಎನ್.8 ಉಕ್ಕಿನ ಸರಳಿನಿಂದ ಆ ಹೊರ ಅಳತೆಯ ಬುಷ್, ಅಂದರೆ ಪಿನ್ನಿಗೆ ತೊಡಿಸುವ ಕೊಳವೆ, ಮಾಡಿಸಿ, ಕೈಯಲ್ಲಿ ತೂರುವಷ್ಟು ಸಡಿಲವಾಗಿ ಪಿನ್ನಿನ ಮೇಲೆ ಕೂರಿಸಿ, ಅದು ಜಾರದಂತೆ ಲಿಂಚ್ ಪಿನ್ ಹಾಕಿ. ಬುಷ್ಷನ್ನು ಪಿನ್ನಿಗೆ ವೆಲ್ಡ್ ಮಾಡಬೇಡಿ. ಗಟ್ಟಿ ಮಾಡಿದ ಪಿನ್ನು ವೆಲ್ಡಿಂಗ್ ಕಾವಿಗೆ ಪೆಡಸಾಗಿ ಒಂದು ದಿನ ಕಬ್ಬಿನ ಜಲ್ಲೆಯಂತೆ ಲಟಕ್ಕನೆ ಮುರಿಯುತ್ತದೆ. ಪಿನ್ನು ಎರಡು ಪಟ್ಟಿಗಳ ನಡುವೆ ಕೂತಿದ್ದರೆ, ಆ ಸಂದಿನಲ್ಲಿ ಕೊಕ್ಕೆಯ ದಪ್ಪಕ್ಕೂ ಲಾಕಿನ ಕೈಗೂ ಜಾಗವಿದೆಯೇ ಎಂಬುದನ್ನು ಮೊದಲೇ ನೋಡಿ.

ಮೇಲಿನ ಪಿನ್ನು ತಲೆನೋವಿನದು. ಉಪಕರಣದಲ್ಲಿ ಮೇಲಿನ ಪಿನ್ನನ್ನು ಹೊತ್ತಿರುವ ಕಂಬದಲ್ಲಿ 381ರ ಎತ್ತರಕ್ಕೆ ಒಂದು ತೂತು ಕೊರೆದರೆ ಸಾಕು ಎಂದು ಎಲ್ಲರಿಗೂ ಅನಿಸುತ್ತದೆ. ತಾಳಿ. ಉಪಕರಣ ಕೆಳ ಪಿನ್ನುಗಳ ಸುತ್ತ ಹಿಂದಕ್ಕೆ ಬೀಳದಂತೆ ಹಿಡಿಯುವುದು ಮೇಲಿನ ಪಿನ್ನು. ಅದನ್ನು 610ರಿಂದ 381ಕ್ಕೆ ಇಳಿಸಿದರೆ ಸನ್ನೆಯ ತೋಳು ಗಿಡ್ಡವಾಗುತ್ತದೆ, ಅದೇ ಭಾರಕ್ಕೆ ಪಿನ್ನಿನ ಮೇಲೆ ಬೀಳುವ ಬಲ 1.6 ಪಟ್ಟಾಗುತ್ತದೆ. ಹಳೆಯ ಪಟ್ಟಿಯಲ್ಲಿ ಬರಿಯ ತೂತು ಕೊರೆದರೆ ಅಲ್ಲಿಯೇ ಸೀಳುತ್ತದೆ. ಎರಡೂ ಬದಿಗೆ 12 ಮಿಲಿಮೀಟರ್ ಪಟ್ಟಿ ಕೊಟ್ಟು ಬೋಲ್ಟ್ ಹಾಕಿ, ಆಮೇಲೆ ತೂತು ಕೊರೆಯಿರಿ. ಕೊಕ್ಕೆ ಕೆಳಗಿನಿಂದ ಮೇಲಕ್ಕೆ ಬರುವುದರಿಂದ ಪಿನ್ನಿನ ಅಡಿಯಲ್ಲಿ ಅಡ್ಡ ಪೈಪಾಗಲಿ ಬೋಲ್ಟಿನ ತಲೆಯಾಗಲಿ ಇರಬಾರದು. ಹುಲ್ಲು ಕೊಚ್ಚುವ ಯಂತ್ರದಲ್ಲಿ ನೆಲದ ಏರಿಳಿತಕ್ಕೆ ತೂಗಾಡಲೆಂದು ಮೇಲಿನ ಜೋಡಣೆಯನ್ನು ಸಡಿಲ ಬಿಟ್ಟಿರುತ್ತಾರೆ. ಆ ಸಡಿಲವನ್ನು ಬಿಗಿ ಮಾಡಿಬಿಡಬೇಡಿ, ತೂಗಾಡುವ ಕೊಂಡಿಯಲ್ಲಿಯೇ ಹೊಸ ಪಿನ್ನನ್ನು ಕೂರಿಸಿ.

ಈಗ ನಾನು ತಪ್ಪಿದ ಜಾಗ. ನೆರೆಯವರ ರೋಟವೇಟರನ್ನು ಮೊದಲ ಬಾರಿ ಹೊಂದಿಸಿದಾಗ ಪಿನ್ನುಗಳೆಲ್ಲ ನೂಲಿಗೆ ನೂಲು ಸರಿಯಿದ್ದವು. ಚೌಕಟ್ಟಿನ ದಪ್ಪಕ್ಕೆ ಉಪಕರಣ 90 ಮಿಲಿಮೀಟರ್ ಹಿಂದೆ ಸರಿದದ್ದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಒಯ್ಯುವ ಪಿ.ಟಿ.ಒ. ಶಾಫ್ಟಿನ ಒಳಕೊಳವೆ ಹೊರಕೊಳವೆಯೊಳಗೆ ಅಷ್ಟೇ ಕಡಿಮೆ ಉಳಿದಿತ್ತು. ಬದು ದಾಟಲು ಎತ್ತಿದಾಗ ಎರಡೂ ಬೇರ್ಪಟ್ಟವು. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ ಒಂಬತ್ತು. ಆ ವೇಗದಲ್ಲಿ ಬಿಚ್ಚಿಕೊಂಡ ಕೊಳವೆ ಏನು ಮಾಡುತ್ತದೆ ಎಂದು ಕಣ್ಣಾರೆ ನೋಡಿದೆ. ದೈವವಶಾತ್ ಹಿಂದೆ ಯಾರೂ ಇರಲಿಲ್ಲ. ಹೊಸ ಶಾಫ್ಟಿನ ದುಡ್ಡನ್ನು ನಾನೇ ಕೊಟ್ಟೆ. ಅಂದಿನಿಂದ ಉಪಕರಣವನ್ನು ಪೂರ್ತಿ ಇಳಿಸಿ, ಪೂರ್ತಿ ಎತ್ತಿ, ನಡುವೆಯೂ ನಿಲ್ಲಿಸಿ, ಪ್ರತಿ ಬಾರಿಯೂ ಎಂಜಿನ್ ಆರಿಸಿ ಮೂರು ಕಡೆ ಗುರುತು ಹಾಕುತ್ತೇನೆ. ಎಲ್ಲಿಯೂ ಕೊಳವೆಗಳು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಒಳಗಿರಬಾರದು, ಎಲ್ಲಿಯೂ ತಳ ಮುಟ್ಟಬಾರದು. ಶಾಫ್ಟನ್ನು ಕೈಯಿಂದಲೇ ಜೋಡಿಸಬೇಕು ಎಂಬುದನ್ನೂ ಮರೆಯಬೇಡಿ. ಅದಕ್ಕಾಗಿ ನಡುವೆ ಹೋಗುವಾಗ ಟ್ರ್ಯಾಕ್ಟರಿನ ಕೀಲಿ ನಿಮ್ಮ ಜೇಬಿನಲ್ಲಿರಲಿ.

ಭಾರದ ಲೆಕ್ಕವೂ ಇದೆ. 400 ಕಿಲೋ ರೋಟವೇಟರಿನ ತೂಕದ ನಡು ಹಿಂದಿನ ಅಚ್ಚಿನಿಂದ 1.4 ಮೀಟರ್ ದೂರ ಎಂದಿಟ್ಟುಕೊಳ್ಳಿ. ಅದು 90 ಮಿಲಿಮೀಟರ್ ಹಿಂದೆ ಸರಿದು, 40 ಕಿಲೋ ಚೌಕಟ್ಟೂ ಸೇರಿದರೆ ಟ್ರ್ಯಾಕ್ಟರಿನ ಮೂತಿಯನ್ನು ಎತ್ತುವ ಬಲ ನೂರಕ್ಕೆ ಹದಿಮೂರರಷ್ಟು ಹೆಚ್ಚುತ್ತದೆ. ಮೊದಲೇ ಏರಿನಲ್ಲಿ ಮುಂಚಕ್ರ ಹಗುರಾಗುತ್ತಿದ್ದರೆ ಮುಂದೆ ಕಬ್ಬಿಣದ ತೂಕ ಹಾಕದೆ ಈ ಕೆಲಸಕ್ಕೆ ಕೈ ಹಚ್ಚಬೇಡಿ.

ಯಾರಿಗೆ ಇದು ಬೇಕು? ವರ್ಷಕ್ಕೆ ಎರಡೇ ಉಪಕರಣ ಬದಲಿಸುವ ರೈತರಿಗೆ ಬೇಡ. ಕೆಳ ಲಿಂಕುಗಳ ತುದಿಗೆ ಮಾತ್ರ ಕೊಕ್ಕೆ ಬರುವ ಬಗೆಯೊಂದಿದೆ. ಅದಕ್ಕೆ ಪಿನ್ನಿನ ಮೇಲೆ ಗುಂಡು ಬುಷ್ ಇದ್ದರೆ ಸಾಕು, ಟಾಪ್ ಲಿಂಕ್ ಹಳೆಯ ಹಾಗೆಯೇ ಉಳಿಯುತ್ತದೆ, ಕಂಬದ ಎತ್ತರವನ್ನು ಮುಟ್ಟಬೇಕಿಲ್ಲ. ಹೆಚ್ಚಿನವರಿಗೆ ನಾನು ಅದನ್ನೇ ಹೇಳುತ್ತೇನೆ. ಪೂರ್ತಿ ಚೌಕಟ್ಟು ಬೇಕಾದದ್ದು ದಿನಕ್ಕೆ ಎರಡು ಮೂರು ಬಾರಿ ಬದಲಿಸುವವರಿಗೆ: ಹೋಬಳಿಗಳ ಕೃಷಿ ಯಂತ್ರಧಾರೆ ಕೇಂದ್ರಗಳಿಗೆ, ನಿಮ್ಮಂಥ ಬಾಡಿಗೆಯವರಿಗೆ.

ಇನ್ನೊಂದು ಮಾತು, ಊರುಗಾಲು. ಉಪಕರಣ ವಾಲಿ ಬಿದ್ದಿದ್ದರೆ ಯಾವ ಕೊಕ್ಕೆಯೂ ಅದನ್ನು ಹಿಡಿಯುವುದಿಲ್ಲ, ಮತ್ತೆ ಹಾರೆ ಕೈಗೆ ಬರುತ್ತದೆ. ಪಲ್ಟಿ ನೇಗಿಲು ಬದಿಗೆ ಬೀಳುತ್ತದೆ, ಕಲ್ಟಿವೇಟರ್ ಮುಂದಕ್ಕೆ ಮುಗ್ಗರಿಸುತ್ತದೆ. ಪ್ರತಿಯೊಂದಕ್ಕೂ ಎತ್ತರ ಹೊಂದಿಸಬಹುದಾದ ಕಾಲು ಮಾಡಿಸಿ, ಮೂರೂ ಪಿನ್ನುಗಳು ನೆಟ್ಟಗೆ ನಿಲ್ಲುವ ಎತ್ತರಕ್ಕೆ ಬಣ್ಣದ ಗುರುತು ಹಾಕಿ, ಶೆಡ್ಡಿನ ನೆಲಕ್ಕೆ ಕಾಂಕ್ರೀಟ್ ಹಾಕಿಸಿ.

ಹೊರಗೆ ಬೇವಿನ ಮರದ ಕೆಳಗೆ ಒಂಬತ್ತು ಕಾಲಿನ ಕಲ್ಟಿವೇಟರ್ ನಿಲ್ಲಿಸಿದ್ದೇವೆ. ಇನ್ನೂ ಅದಕ್ಕೆ ಯಾರೂ ಕೈ ಹಚ್ಚಿಲ್ಲ. ಟೇಪು, ಸೀಮೆಸುಣ್ಣ, ಮಟ್ಟಗೋಲು ಅಲ್ಲಿಯೇ ಇವೆ. ಹುಡುಗರೇ, ನೀವು ಮೊದಲು ಅಳೆದು ಗೋಡೆಯ ಮೇಲೆ ಬರೆಯಿರಿ. ಆಮೇಲೆ ನಾನು ಅಳೆಯುತ್ತೇನೆ.