ವಾರ್ಸಾದ ಆಲ್ಟೋ ಸ್ಯಾಕ್ಸೋಫೋನ್: ಜ್ಬಿಗ್ನೆವ್ ನಾಮಿಸ್ವೋಫ್ಸ್ಕಿ

ಕೇಳುಗರಿಗೆ ನಮಸ್ಕಾರ.

1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿತು. ವಾರ ಕಳೆಯುವಷ್ಟರಲ್ಲಿ ರಾಜಧಾನಿ ವಾರ್ಸಾದ ಬಾಗಿಲಿಗೇ ಬಂದಿತ್ತು. ಆ ದಿನಗಳಲ್ಲೇ, ಸೆಪ್ಟೆಂಬರ್ 9ರಂದು, ಅದೇ ಊರಿನಲ್ಲಿ ಜ್ಬಿಗ್ನೆವ್ ನಾಮಿಸ್ವೋಫ್ಸ್ಕಿ ಹುಟ್ಟಿದರು. ಪೋಲೆಂಡಿನ ಜಾಝ್‌ಗೆ ಅದರ ಸ್ವಂತ ನೆಲದ ಲಯವನ್ನು ತಂದವರಲ್ಲಿ ನನ್ನ ಮಟ್ಟಿಗೆ ಇವರೇ ಮೊದಲಿಗರು.

ಬಾಲ್ಯದಲ್ಲಿ ಪಿಯಾನೊ ಕಲಿತರು, ಆಮೇಲೆ ಪಿಟೀಲಿನ ಕುಟುಂಬದ ದೊಡ್ಡ ವಾದ್ಯ ಚೆಲ್ಲೊ. ಅದು ಸ್ಟಾಲಿನ್ ಕಾಲ. ಜಾಝ್ ಎಂದರೆ ಅಮೆರಿಕದ ಸರಕು ಎಂದು ಸರ್ಕಾರಕ್ಕೆ ಅನುಮಾನ. ಆಸಕ್ತರು ಮನೆಗಳಲ್ಲಿ ಗುಟ್ಟಾಗಿ ಸೇರಿ ನುಡಿಸುತ್ತಿದ್ದರು. ಸ್ಟಾಲಿನ್ ಸತ್ತ ಮೇಲೆ ಬಿಗಿ ಸಡಿಲವಾಯಿತು. 1956ರಲ್ಲಿ ಸೊಪೊಟ್ ಎಂಬ ಕಡಲ ತೀರದ ಊರಿನಲ್ಲಿ ಜಾಝ್ ಉತ್ಸವವೇ ನಡೆಯಿತು. 1958ರಲ್ಲಿ ವಾರ್ಸಾದ ಜಾಝ್ ಜಾಂಬೊರಿ ಉತ್ಸವ ಶುರುವಾಯಿತು. ಅಮೆರಿಕ ಸರ್ಕಾರದ ರೇಡಿಯೊ ವಾಯ್ಸ್ ಆಫ್ ಅಮೆರಿಕದಲ್ಲಿ ವಿಲಿಸ್ ಕಾನೋವರ್ ನಡೆಸಿಕೊಡುತ್ತಿದ್ದ ಜಾಝ್ ಕಾರ್ಯಕ್ರಮವೇ ಆ ಪೀಳಿಗೆಯ ಪಾಠಶಾಲೆ. ಒಂದಿಡೀ ದೇಶದ ಸಂಗೀತಗಾರರು ರೇಡಿಯೊ ಕೇಳುತ್ತಲೇ ಪಳಗಿದರು ಎಂಬುದನ್ನು ಇದೇ ಮಾಧ್ಯಮದಲ್ಲಿ ಹೇಳಲು ನನಗೆ ಹೆಮ್ಮೆ.

ನಾಮಿಸ್ವೋಫ್ಸ್ಕಿ ಮೊದಲು ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವ ವಾದ್ಯ ಹಿಡಿದರು, ಚೆಲ್ಲೊದಲ್ಲೂ ಜಾಝ್ ನುಡಿಸಿದರು. ಕೊನೆಗೆ ಆಲ್ಟೋ ಸ್ಯಾಕ್ಸೋಫೋನ್ ಕೈಗೆ ಕೂತಿತು. 1962ರಲ್ಲಿ ಪಿಯಾನೊ ವಾದಕ ಆಂಜೆಯ್ ತ್ರಶಾಸ್ಕೋಫ್ಸ್ಕಿ ಅವರ ರೆಕರ್ಸ್ ತಂಡದೊಂದಿಗೆ ಅಮೆರಿಕದ ನ್ಯೂಪೋರ್ಟ್ ಉತ್ಸವದಲ್ಲಿ ನುಡಿಸಿದಾಗ ಅವರಿಗಿನ್ನೂ 22 ವರ್ಷ. 1964ರಲ್ಲಿ ಸ್ವಂತ ತಂಡ ಕಟ್ಟಿಕೊಂಡು ಲಂಡನ್ನಿನ ಡೆಕ್ಕಾ ಕಂಪನಿಗೆ 'ಲೋಲಾ' ಎಂಬ ಆಲ್ಬಮ್ ಮಾಡಿಕೊಟ್ಟರು.

ಮರುವರ್ಷ ಡಿಸೆಂಬರಿನಲ್ಲಿ ಪಿಯಾನೊ ವಾದಕ, ಸಂಗೀತ ಸಂಯೋಜಕ ಕ್ಷಿಶ್ತೋಫ್ ಕೊಮೆದಾ ಅವರ 'ಆಸ್ಟಿಗ್ಮ್ಯಾಟಿಕ್' ಆಲ್ಬಮ್ ವಾರ್ಸಾದಲ್ಲಿ ಧ್ವನಿಮುದ್ರಣವಾಯಿತು. ಯುರೋಪಿನ ಜಾಝ್ ಬಗ್ಗೆ ಯಾರೇ ಬರೆಯಲಿ, ಈ ಧ್ವನಿತಟ್ಟೆಯನ್ನು ಬಿಟ್ಟು ಬರೆಯಲಾರರು. ಇದರಲ್ಲಿರುವುದು ಮೂರೇ ರಚನೆ. ಮೊದಲನೆಯದೇ ತಟ್ಟೆಯ ಒಂದು ಬದಿಯನ್ನು ಪೂರ್ತಿ ಆವರಿಸುತ್ತದೆ. ಟ್ರಂಪೆಟ್‌ನಲ್ಲಿ ತೊಮಾಶ್ ಸ್ತಾಂಕೊ, ಪಕ್ಕದಲ್ಲಿ ನಾಮಿಸ್ವೋಫ್ಸ್ಕಿ. ಅವರ ನಾದದಲ್ಲಿ ಮೆದುತನ ಕಡಿಮೆ. ಒಣಗಿದ, ಅಂಚು ಹರಿತವಾದ ನಾದ ಅದು. ಅಳುವಿನಂತೆ ಏರುತ್ತದೆ, ಕರುಣೆ ಮಾತ್ರ ಬೇಡುವುದಿಲ್ಲ.

ಇನ್ನು ಲಯದ ಮಾತು. ಅಮೆರಿಕದ ಜಾಝ್ ಹೆಚ್ಚಾಗಿ ನಡೆಯುವುದು ನಾಲ್ಕರ ಲೆಕ್ಕದಲ್ಲಿ. ನಾಮಿಸ್ವೋಫ್ಸ್ಕಿಗೆ ಐದು, ಏಳರ ಗತಿಗಳೆಂದರೆ ಪ್ರಾಣ. ನಮ್ಮ ಖಂಡ, ಮಿಶ್ರ ನಡೆಗಳಲ್ಲಿ ಪಳಗಿದ ಕಿವಿಗೆ ಅವರ ಸಂಗೀತ ಬೇಗ ಒಲಿಯುತ್ತದೆ. ತಕಿಟ ತಕಧಿಮಿ ಎಂದು ತೊಡೆ ತಟ್ಟುತ್ತ ಕೇಳಿ ನೋಡಿ: ತಾಳ ಎಷ್ಟೇ ವಕ್ರವಾಗಿರಲಿ, ಅವರ ಪದಗುಚ್ಛ ಎಲ್ಲೂ ಎಡವುವುದಿಲ್ಲ. ಲೆಕ್ಕದ ಬಿಗುವು ಕೇಳುವವರಿಗೆ ತಾಗುವುದೇ ಇಲ್ಲ. ಅವರನ್ನು ನಾನು ಇಷ್ಟು ಮೆಚ್ಚುವುದು ಇದಕ್ಕೇ.

1973ರ 'ವಿನೋಬ್ರಾನ್ಯೆ' ಅವರ ಅತ್ಯುತ್ತಮ ಆಲ್ಬಮ್ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ 'ತಾಜ್ ಮಹಲ್' ಎಂಬ ಹೆಸರಿನ ರಚನೆಯೂ ಇದೆ. 1975ರಲ್ಲಿ 'ಕುಯಾವ್ಯಾಕ್ ಗೋಸ್ ಫಂಕಿ' ಬಂತು. ಕುಯಾವ್ಯಾಕ್ ಪೋಲೆಂಡಿನ ಹಳ್ಳಿಗರ ನೃತ್ಯ, ಮೂರರ ಗತಿಯ ನಿಧಾನ ನಡೆ. ಪೋಲೆಂಡಿನ ಪ್ರಸಿದ್ಧ ಸಂಯೋಜಕ ಶೋಪ್ಯಾಂ ಮಜೂರ್ಕಾ ಎಂಬ ತಮ್ಮ ಪಿಯಾನೊ ರಚನೆಗಳಿಗೆ ಎಳೆ ಹೆಕ್ಕಿಕೊಂಡ ಮೂಲಗಳಲ್ಲಿ ಅದೂ ಒಂದು. ಅದೇ ಹಳ್ಳಿಯ ಕುಣಿತವನ್ನು ನಾಮಿಸ್ವೋಫ್ಸ್ಕಿ ಎಪ್ಪತ್ತರ ದಶಕದ ಫಂಕ್ ಎಂಬ ಅಮೆರಿಕದ ಕುಣಿತದ ಸಂಗೀತದ ಜೊತೆ ಸೇರಿಸಿದರು. ವೊಯ್ಚೆಖ್ ಕರೋಲಾಕ್ ಅವರ ಎಲೆಕ್ಟ್ರಿಕ್ ಪಿಯಾನೊ, ತೊಮಾಶ್ ಶುಕಾಲ್ಸ್ಕಿ ಅವರ ಟೆನರ್ ಸ್ಯಾಕ್ಸೋಫೋನ್ ಜೊತೆಗಿದ್ದವು.

ತೊಂಬತ್ತರ ದಶಕದಲ್ಲಿ ಅವರು ಪೋಲೆಂಡಿನ ದಕ್ಷಿಣದ ತಾತ್ರಾ ಬೆಟ್ಟಗಳತ್ತ ಹೊರಳಿದರು. ಅಲ್ಲಿನ ಜಾಕೊಪಾನೆ ಸೀಮೆಯ ಪಿಟೀಲುಗಾರರನ್ನು ತಮ್ಮ ಜಾಝ್ ತಂಡದ ಜೊತೆ ಕೂರಿಸಿ ನುಡಿಸಿದರು. ಆ ಬೆಟ್ಟದ ಹಾಡುಗಳಲ್ಲಿ ಮಧ್ಯಮ ಏರಿರುತ್ತದೆ, ನಮ್ಮ ಲೆಕ್ಕದಲ್ಲಿ ಪ್ರತಿ ಮಧ್ಯಮ. ಪಿಟೀಲುಗಳು ಒರಟಾಗಿ, ಗಟ್ಟಿಯಾಗಿ ಉಜ್ಜುತ್ತವೆ. ಅವುಗಳ ಪಕ್ಕದಲ್ಲಿ ಆ ಹರಿತವಾದ ಆಲ್ಟೋ ಪರದೇಶಿ ಅನ್ನಿಸುವುದೇ ಇಲ್ಲ.

ಕೊನೆಯ ವರ್ಷಗಳಲ್ಲಿ ಮಗ ಯಾತ್ಸೆಕ್ ತಂದೆಯ ತಂಡದಲ್ಲಿ ಟ್ರಾಂಬೋನ್ ನುಡಿಸುತ್ತಿದ್ದರು. 2022ರ ಫೆಬ್ರವರಿ 7ರಂದು, 82ನೇ ವಯಸ್ಸಿನಲ್ಲಿ, ನಾಮಿಸ್ವೋಫ್ಸ್ಕಿ ತೀರಿಕೊಂಡರು.

ಹೊಸದಾಗಿ ಕೇಳುವವರು 'ವಿನೋಬ್ರಾನ್ಯೆ'ಯಿಂದ ಶುರುಮಾಡಿ. 'ಆಸ್ಟಿಗ್ಮ್ಯಾಟಿಕ್' ಆಮೇಲಿರಲಿ, ಅದಕ್ಕೆ ಬಿಡುವಿನ ಒಂದು ಸಂಜೆಯೇ ಬೇಕು. ನಮಸ್ಕಾರ.